ಹನ್ನೆರಡು ಗಂಟೆಯವರೆಗೆ ಫೋನ್ ಎತ್ತಬೇಡಿ

ಆ ದಿನ ಮಳೆ ಇರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಎರಡನೆಯ ಪುಟದ ಹೊತ್ತಿಗೆ ತಾನಾಗಿಯೇ ಮಳೆ ಸುರಿಯತೊಡಗುತ್ತದೆ. ನನ್ನ ನೆನಪಿನಲ್ಲಿ ಆ ಬೆಳಿಗ್ಗೆ ಗುಡುಗಿದೆ, ಮಿಂಚಿದೆ, ಟೆಲಿಫೋನ್ ಎಕ್ಸ್‌ಚೇಂಜಿನ ಹೆಂಚಿನ ಮೇಲೆ ನೀರು ಬೀಳುವ ಸದ್ದಿದೆ. ಅದೆಲ್ಲ ಎಲ್ಲಿಂದ ಬಂತೆಂದು ನನಗೆ ಗೊತ್ತು: ನಾನೇ ಬರೆದು ಸಹಿ ಹಾಕಿದ ಒಂದು ವರದಿಯಿಂದ. ನಿಜವಾಗಿ ಆಕಾಶ ತೊಳೆದಿಟ್ಟ ಹಾಗಿತ್ತು. ಮಳೆ ಇದ್ದದ್ದು ಮೇಲೆ, ನದಿ ಹುಟ್ಟುವ ವಯನಾಡಿನಲ್ಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೊಂಬತ್ತು ವಯಸ್ಸು. ಕೃಷ್ಣರಾಜನಗರದಲ್ಲಿ ಹುಟ್ಟಿ ಬೆಳೆದವಳು, ಇಂಜಿನಿಯರ್. ಸಣ್ಣ ಊರುಗಳಲ್ಲಿ ಕೈಯಿಂದ ನಡೆಸುತ್ತಿದ್ದ ಟೆಲಿಫೋನ್ ಬೋರ್ಡುಗಳನ್ನು ತೆಗೆದು ಅಲ್ಲಿ ಸ್ವಯಂಚಾಲಿತ ಯಂತ್ರ ಕೂರಿಸುವುದು ನನ್ನ ಕೆಲಸ. ಪಿರಿಯಾಪಟ್ಟಣದ ಕಡೆ ಮೂರು ಊರುಗಳಲ್ಲಿ ಕೂರಿಸಿ ಬಂದಿದ್ದೆ. ನಾಲ್ಕನೆಯದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಪಿಲಾ ನದಿಗೆ ಹತ್ತಿರದ ಒಂದು ಊರು. ಹೆಸರು ಬೇಡ. ಬೀಚನಹಳ್ಳಿಯ ಅಣೆಕಟ್ಟಿನಿಂದ ಕೆಳಗೆ, ಬಸ್ಸಿನಲ್ಲಿ ಕೂತರೆ ನಿದ್ದೆ ಹತ್ತುವ ಮೊದಲೇ ಬಂದುಬಿಡುವ ಊರು.

ಯಂತ್ರ ನನಗೆ ಗೊತ್ತಿತ್ತು. ಊರು ಗೊತ್ತಿರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ ನಾನು ದನಿ ಏರಿಸುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಗಂಡಸರಿಗೆ ಕೆಲಸ ಹೇಳಬೇಕಾದ ಹೆಂಗಸು ಕೇಳಿದ್ದಕ್ಕೆ ತಡವರಿಸಿದರೆ ಮುಗಿಯಿತು, ಮರುದಿನದಿಂದ ಅವರೇ ಅವಳಿಗೆ ಕೆಲಸ ಹೇಳತೊಡಗುತ್ತಾರೆ. ಹಾಗಾಗಿ ಪ್ರಶ್ನೆ ಪೂರ್ತಿಯಾಗುವ ಮೊದಲೇ ಉತ್ತರ ಕೊಡುವುದನ್ನು ಕಲಿತಿದ್ದೆ. ಪಿರಿಯಾಪಟ್ಟಣದ ಕಡೆ ಇನ್ನೊಂದನ್ನೂ ಕಲಿತಿದ್ದೆ, ಅಥವಾ ಕಲಿತೆನೆಂದುಕೊಂಡಿದ್ದೆ. ಅಲ್ಲಿ ಒಂದು ಹಳ್ಳಿಯಲ್ಲಿ ಹಳೆಯ ಬೋರ್ಡನ್ನು ಒಂದು ತಿಂಗಳು ಹಾಗೇ ಉಳಿಸಿದ್ದೆವು. ಜನ ಆ ತಿಂಗಳೆಲ್ಲ ಅದನ್ನೇ ಬಳಸಿದರು. ಹಿಂದಕ್ಕೆ ಹೋಗುವ ದಾರಿ ಬಿಟ್ಟರೆ ಹಿಂದಕ್ಕೇ ಹೋಗುತ್ತಾರೆ. ಈ ಊರಿನಲ್ಲಿ ದಾರಿ ಬಿಡುವುದಿಲ್ಲ ಎಂದು ನಿಶ್ಚಯಿಸಿಕೊಂಡು ಬಂದಿದ್ದೆ.

ಬೋರ್ಡಿನ ಮುಂದೆ ಕೂರುತ್ತಿದ್ದವರು ಐವತ್ತರ ಹತ್ತಿರದ ಹೆಂಗಸು. ಊರೆಲ್ಲ ಅವರನ್ನು ಅಕ್ಕ ಎನ್ನುತ್ತಿತ್ತು. ಯಾರಾದರೂ ಮನೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ಬೋರ್ಡಿನಲ್ಲಿ ಅವರ ತೂತಿನ ಮೇಲಿನ ಮುಚ್ಚಳ ಬೀಳುತ್ತಿತ್ತು. ಅಕ್ಕ ಅಲ್ಲಿಗೆ ತಂತಿ ಚುಚ್ಚಿ ವಿಚಾರಿಸಿ, ತಂತಿಯ ಇನ್ನೊಂದು ತುದಿಯನ್ನು ಬೇಕಾದವರ ತೂತಿಗೆ ಚುಚ್ಚುತ್ತಿದ್ದರು. ಯಾರೂ ನಂಬರು ಹೇಳುತ್ತಿರಲಿಲ್ಲ.

"ಅಕ್ಕ, ಡಾಕ್ಟ್ರು ಮನೆ ಕೊಡಿ."

"ಡಾಕ್ಟ್ರು ಮನೇಲಿಲ್ಲ ಕಣಪ್ಪ, ಈಗ್ತಾನೆ ಕೋಟೆ ಬಸ್ಸು ಹತ್ತುದ್ರು. ಏನು, ಮಗೀಗೆ ಇನ್ನೂ ಜ್ವರವಾ? ಇರು, ಕಾಂಪೌಂಡರು ಟೀ ಅಂಗ್ಡೀಲವ್ರೆ, ಅಲ್ಲಿಗೆ ಕೊಡ್ತೀನಿ."

ಒಂದು ವಾರ ಇದನ್ನು ಕೇಳಿಸಿಕೊಂಡೆ. ಟಿಪ್ಪಣಿ ಪುಸ್ತಕದಲ್ಲಿ 'ಆಪರೇಟರಿಗೆ ಖಾಸಗಿ ವಿಷಯ ವಿಚಾರಿಸುವ ಅಭ್ಯಾಸವಿದೆ' ಎಂದು ಬರೆದುಕೊಂಡೆ. ಎಷ್ಟು ಲೈನು, ಯಾವ ಊರಿಗೆ ಎಷ್ಟು ಎಂದು ಪಟ್ಟಿ ಮಾಡಿದೆ. ನದಿಯ ಪಕ್ಕದ ಏಳು ಹಳ್ಳಿಗಳಿಗೆ ಒಂದೊಂದು ಫೋನಿತ್ತು: ಅಂಚೆಯ ಮನೆ, ಹಾಲಿನ ಸೊಸೈಟಿ, ಕೊನೆಯ ಹಳ್ಳಿಯಲ್ಲಿ ಹಿಟ್ಟಿನ ಗಿರಣಿ, ಹೀಗೆ. ಈ ಬೋರ್ಡಿನಿಂದ ಇನ್ನೇನೇನು ಮಾಡುತ್ತೀರಿ ಎಂದು ನಾನು ಅಕ್ಕನನ್ನು ಕೇಳಲಿಲ್ಲ. ಕೇಳಿದೆನೆಂದೂ, "ಇನ್ನೇನಿಲ್ಲ ಬುಡಿ" ಎಂದು ಅವರು ಹೇಳಿದರೆಂದೂ ಒಂದು ಕಾಲದಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಅದು ನಾನು ಆಮೇಲೆ ಸೇರಿಸಿದ ಮಾತು.

ಹೊಸ ಫೋನುಗಳನ್ನು ಹಿಂದಿನ ವಾರವೇ ಮನೆಮನೆಗೆ ಇಟ್ಟಾಗಿತ್ತು. ಬದಲಾವಣೆಯ ದಿನಕ್ಕೆ ನಾನು ಕೊಟ್ಟ ಆಜ್ಞೆ ಸರಳವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹಳೆಯ ಬೋರ್ಡಿನ ತಂತಿ ಕತ್ತರಿಸುವುದು. ಹನ್ನೆರಡರವರೆಗೆ ಒಂದೊಂದೇ ಫೋನಿಗೆ ಬೆಲ್ಲು ಹೊಡೆದು ಪರೀಕ್ಷೆ. ಅಷ್ಟು ಹೊತ್ತು ಯಾರೂ ಫೋನ್ ಎತ್ತಬಾರದು. ಎತ್ತಿದರೆ ಪರೀಕ್ಷೆ ಕೆಡುತ್ತದೆ. ಹನ್ನೆರಡಕ್ಕೆ ಮೈಸೂರಿನಿಂದ ಮೇಲಧಿಕಾರಿ ಬಂದು ಮೊದಲ ಕರೆ ಮಾಡುತ್ತಾರೆ. ಇದನ್ನು ಎಲ್ಲರಿಗೂ ಹೇಳಿ ಬರಲು ಲೈನ್‌ಮನ್ ಅವರನ್ನು ಎರಡು ದಿನ ಸೈಕಲ್ಲಿನಲ್ಲಿ ಅಟ್ಟಿದ್ದೆ. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಹೋಗಿ ಬಂದು, "ಏಳಿವ್ನಿ ಅಮ್ಮಾವ್ರೆ, ದೇವ್ರೇ ಬೆಲ್ ಮಾಡುದ್ರೂ ಎತ್ತಾಕಿಲ್ಲ" ಎಂದರು. ನನಗೆ ತೃಪ್ತಿಯಾಯಿತು.

ಒಂಬತ್ತಕ್ಕೆ ಅವರೇ ಕತ್ತರಿ ಹಿಡಿದು ತೋಳು ಗಾತ್ರದ ಕೇಬಲನ್ನು ಕಡಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿ, "ಅಕ್ಕ, ಇವತ್ತಿಂದ ನಿನ್ನ ಕಿವೀಗೆ ರಜ" ಎಂದರು.

"ನಿನ್ನ ಬಾಯ್ಗೆ ಯಾವತ್ಲಾ ರಜ?" ಎಂದು ಅಕ್ಕ ಆಚೆ ಹೋಗಿ ಬೆಂಚಿನ ಮೇಲೆ ಕೂತರು. ಸೋಮವಾರದಿಂದ ಅವರಿಗೆ ಹುಣಸೂರಿನ ಕಚೇರಿಗೆ ವರ್ಗವಾಗಿತ್ತು. ಆ ದಿನ ಅವರಿಗೆ ಕೆಲಸವೇ ಇರಲಿಲ್ಲ. ಮನೆಯಿಂದ ಅಲಸಂದೆ ಕಾಯಿ ತಂದಿದ್ದರು, ಬಿಡಿಸುತ್ತ ಕೂತರು.

ನಾನು ಬೆಲ್ಲು ಹೊಡೆಯತೊಡಗಿದೆ. ಕಿಟಕಿ ತೆರೆದಿತ್ತು. ಬೀದಿಯಲ್ಲಿ ಒಂದಾದ ಮೇಲೊಂದು ಮನೆಯಲ್ಲಿ ಫೋನು ಬಡಿಯುವುದು, ತಾನಾಗಿ ನಿಲ್ಲುವುದು ಕೇಳಿಸುತ್ತಿತ್ತು. ಯಾರೂ ಎತ್ತಲಿಲ್ಲ. ನನ್ನ ಮಾತು ಊರಿನಲ್ಲಿ ನಡೆಯುತ್ತಿದೆ ಎಂಬ ಹೆಮ್ಮೆಯಾಯಿತು.

ಹತ್ತು ಇಪ್ಪತ್ತಕ್ಕೆ ಎಕ್ಸ್‌ಚೇಂಜಿನದೇ ಫೋನು ಬಡಿಯಿತು. ಈ ಸಮಯ ಮಾತ್ರ ಖಚಿತ, ಏಕೆಂದರೆ ಪರೀಕ್ಷೆಯ ದಾಖಲೆ ಪುಸ್ತಕದಲ್ಲಿ ಬರೆದೆ. ಬಂದ ಕರೆಯನ್ನೂ ಬರೆಯಬೇಕೆಂಬುದು ನನ್ನದೇ ನಿಯಮ.

"ಅಕ್ಕ?" ಎಂದಿತು ಒಂದು ಗಂಡು ದನಿ.

"ಅಕ್ಕ ಇಲ್ಲ. ನಾನು ಇಂಜಿನಿಯರ್. ಟೆಸ್ಟಿಂಗ್ ನಡೀತಾ ಇದೆ. ಹನ್ನೆರಡರವರೆಗೆ ಫೋನ್ ಮಾಡಬಾರದು ಅಂತ ಹೇಳಿಲ್ವಾ ನಿಮಗೆ?"

"ಎತ್ತಬ್ಯಾಡಿ ಅಂದಿದ್ರು ಮೇಡಂ. ಮಾಡಬ್ಯಾಡಿ ಅಂದಿರ್ನಿಲ್ಲ. ನಾನು ಡ್ಯಾಮಿಂದ. ಅನ್ನೊಂದಕ್ಕೆ ಗೇಟು ಎತ್ತುತಾವ್ರೆ, ವಸಿ ಜಾಸ್ತಿನೇ ಬತ್ತದೆ ನೀರು. ಅಕ್ಕಂಗೆ ಏಳ್ಬುಡಿ."

"ಹೇಳಿದರೆ?"

"ಅಕ್ಕಂಗೆ ಗೊತ್ತು." ಇಟ್ಟುಬಿಟ್ಟರು.

ಮುಂದಿನ ಕೆಲವು ನಿಮಿಷ ನಾನು ಏನು ಮಾಡಿದೆ? ಈ ಕಥೆಯನ್ನು ಬಹಳ ಸಲ ಹೇಳಿದ್ದೇನೆ. ಹೊಸದಾಗಿ ಸೇರಿದ ಇಂಜಿನಿಯರುಗಳಿಗೆ ಮೈಸೂರಿನಲ್ಲಿ ತರಬೇತಿ ನಡೆಸುವಾಗ ಹೇಳುತ್ತಿದ್ದೆ. ಅಲ್ಲಿ ನಾನು ಫೋನ್ ಇಟ್ಟವಳೇ ಆಚೆ ಓಡುತ್ತೇನೆ. ದಾಖಲೆ ಪುಸ್ತಕ ಬೇರೆ ಹೇಳುತ್ತದೆ. ಹತ್ತು ಇಪ್ಪತ್ತರ ಆ ಕರೆಯ ಕೆಳಗೆ ನನ್ನದೇ ಅಕ್ಷರದಲ್ಲಿ ಇನ್ನೂ ಆರು ಫೋನುಗಳ ಪರೀಕ್ಷೆ ಇದೆ. ಸಾಲು ಅರ್ಧಕ್ಕೆ ಬಿಡಬಾರದೆಂದು ಸಾಲು ಮುಗಿಸಿದ್ದೇನೆ. ಅವಕ್ಕೆ ಸಮಯ ಹಾಕಿಲ್ಲ. ಆರು ಫೋನಿಗೆ ಎಷ್ಟು ಹೊತ್ತು ಹಿಡಿಯುತ್ತದೆ? ಎಂಟು ನಿಮಿಷ, ಹತ್ತು. ಒಂದೆರಡು ಸಲ ಸುಮ್ಮನೆ ಗಡಿಯಾರ ಇಟ್ಟುಕೊಂಡು ಅಂದಾಜು ಮಾಡಿ ನೋಡಿದ್ದೇನೆ. ಪ್ರತಿ ಸಲವೂ ಬೇರೆ ಬರುತ್ತದೆ.

ಆಮೇಲೆ ಎದ್ದು ಬಾಗಿಲಿಗೆ ಹೋಗಿ, "ಹನ್ನೊಂದಕ್ಕೆ ಗೇಟ್ ಎತ್ತುತ್ತಾರಂತೆ, ನಿಮಗೆ ಹೇಳಬೇಕಂತೆ" ಎಂದೆ.

ಅಕ್ಕ ಎದ್ದರು. ಮಡಿಲಲ್ಲಿದ್ದ ಕಾಳು ಚೆಲ್ಲಿತು.

"ಯಾವಾಗ ಬಂತು ಫೋನು?"

"ಈಗ" ಎಂದೆ.

ಅವರು ಒಳಗೆ ಬಂದು ಬೋರ್ಡಿನ ಮೇಲೆ ಕೈಯಿಟ್ಟರು. ಎಡಗಡೆ ಮೇಲಿನ ಸಾಲು, ಮೊದಲ ಏಳು ತೂತು. ಬೆರಳುಗಳು ಅಲ್ಲಿಗೇ ಹೋದವು. ಕೇಬಲ್ಲು ನೆಲದ ಮೇಲೆ ಬಿದ್ದಿತ್ತು. ಆಗ ಅವರು ಹೇಳಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. ಅಣೆಕಟ್ಟಿನಿಂದ ಫೋನು ಬಂದರೆ ಅಕ್ಕ ಆ ಏಳು ಊರಿಗೂ ಉದ್ದ ಬೆಲ್ಲು ಕೊಡುತ್ತಿದ್ದರು. ನಡುವೆ ನಿಲ್ಲಿಸದೆ, ಕೈ ಸೋಲುವವರೆಗೆ ಹಿಡಿ ತಿರುವುವ ಬೆಲ್ಲು. ಅದು ಬಂದರೆ ಯಾರೂ ಫೋನ್ ಎತ್ತುತ್ತಲೂ ಇರಲಿಲ್ಲ. ಹೊಳೆಗೆ ಓಡುತ್ತಿದ್ದರು. ಬಟ್ಟೆ ಒಗೆಯುವವರನ್ನು, ಪಂಪು ಇಳಿಸಿದವರನ್ನು, ಹೊಳೆಯ ನಡುವಿನ ಗಡ್ಡೆಗೆ ಎಮ್ಮೆ ಹೊಡೆದುಕೊಂಡು ಹೋದವರನ್ನು ಕೂಗಿ ಮೇಲಕ್ಕೆ ಹತ್ತಿಸುತ್ತಿದ್ದರು. ಅಣೆಕಟ್ಟಿನ ಸೈರನ್ನು ಗಾಳಿ ಈ ಕಡೆಯಿದ್ದರೆ ಮೊದಲ ಎರಡು ಊರಿಗೆ ಕೇಳುತ್ತಿತ್ತು. ಅದರಾಚೆಗೆ ಇದ್ದದ್ದು ಅಕ್ಕನ ಬೆಲ್ಲು. ಯಾರೂ ಹೇಳಿ ಮಾಡಿಸಿದ್ದಲ್ಲ. ಯಾವ ಕಾಗದದಲ್ಲೂ ಇರಲಿಲ್ಲ.

ಏಳನೆಯ ಊರಿನ ಗಡ್ಡೆಗೆ ದಿನಾ ಎಮ್ಮೆ ಹೊಡೆಯುತ್ತಿದ್ದವಳು ಅಕ್ಕನ ತಂಗಿ. ಇದು ನನಗೆ ತಿಳಿದದ್ದು ಮಧ್ಯಾಹ್ನ. ಓದುವವರಿಗೆ ಈಗಲೇ ಹೇಳುತ್ತಿದ್ದೇನೆ, ಯಾಕೆಂದರೆ ಅದನ್ನು ಬಚ್ಚಿಟ್ಟು ಕೊನೆಯಲ್ಲಿ ತೆಗೆಯುವ ಕೆಲಸವನ್ನು ತರಬೇತಿಯಲ್ಲಿ ಬೇಕಾದಷ್ಟು ಮಾಡಿದ್ದೇನೆ.

"ಯೋಚನೆ ಬೇಡ, ಡಯಲ್ ಮಾಡಿ ಹೇಳೋಣ" ಎಂದು ಅಂಚೆಯ ಮನೆಗೆ ಮಾಡಿದೆ. ಬೆಲ್ಲು ಹೋಯಿತು, ಯಂತ್ರದ ಬೆಲ್ಲು, ನಿಂತು ನಿಂತು. ಹೋಗುತ್ತಲೇ ಇತ್ತು.

ಲೈನ್‌ಮನ್ ಮೊದಲು ನಕ್ಕರು. ಆಮೇಲೆ ಅವರ ಮುಖ ಇಳಿಯಿತು. "ಎತ್ತಾಕಿಲ್ಲ ಕಣಮ್ಮಾ. ನಾನೇ ಆಣೆ ಆಕುಸ್ಕಂಡು ಬಂದಿವ್ನಲ್ಲ."

ತರಬೇತಿಯಲ್ಲಿ ಇಲ್ಲಿಗೆ ಬಂದಾಗ ನಿಲ್ಲಿಸಿ, ಹುಡುಗರ ಕಡೆ ನೋಡಿ, "ನೀವಾಗಿದ್ದರೆ ಏನು ಮಾಡ್ತಿದ್ರಿ?" ಎಂದು ಕೇಳುತ್ತಿದ್ದೆ. ಕೇಳಿ, "ಮೂರು ನಿಮಿಷದಲ್ಲಿ ನಿರ್ಧಾರ ಮಾಡಿದೆ" ಎನ್ನುತ್ತಿದ್ದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು.

ನಾನು ಮಾಡಿದ್ದು ಇದು. ಜೀಪು ಕಳಿಸಿ ಎಂದೆ. ಜೀಪು ಮೇಲಧಿಕಾರಿಯನ್ನು ಕರೆತರಲು ಹೋಗಿತ್ತು, ನಾನೇ ಕಳಿಸಿದ್ದೆ. ಸೈಕಲ್ಲಿನಲ್ಲಿ ಹೋಗಿ ಎಂದೆ. "ಮೊದುಲ್ನೇ ಊರಿಗೆ ಓಯ್ತೀನಿ. ಏಳ್ನೇದುಕ್ಕೆ ನನ್ನ ಎಣ ಓಯ್ತದೆ" ಎಂದರು ಲೈನ್‌ಮನ್. ಕೇಬಲನ್ನು ಮತ್ತೆ ಜೋಡಿಸಿ ಎಂದೆ. ಅದರೊಳಗೆ ಇನ್ನೂರು ತಂತಿಗಳಿದ್ದವು, ಜೋಡಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಮೂರನ್ನೂ ಒಂದೇ ಗಟ್ಟಿ ದನಿಯಲ್ಲಿ ಹೇಳಿದೆ. ಆ ಹೊತ್ತಿಗೆ ನನ್ನಲ್ಲಿದ್ದದ್ದು ಆ ದನಿಯೊಂದೇ.

ಅಕ್ಕ ನನ್ನ ಕಡೆ ನೋಡುತ್ತಿರಲಿಲ್ಲ. ಲೈನ್‌ಮನ್ನರ ಚೀಲ ನೋಡುತ್ತಿದ್ದರು.

"ಅದ್ರಲ್ಲೈತಲ್ಲ ತಿರುವೋ ಫೋನು. ತಗಿ ಈಚ್ಗೆ."

ಕಂಬ ಹತ್ತಿ ತಂತಿ ಪರೀಕ್ಷಿಸಲು ಲೈನ್‌ಮನ್‌ಗಳು ಒಯ್ಯುತ್ತಿದ್ದ ಸಣ್ಣ ಪೆಟ್ಟಿಗೆ ಅದು. ಪಕ್ಕದಲ್ಲಿ ಹಿಡಿ. ತಿರುವಿದರೆ ಹುಟ್ಟುವ ವಿದ್ಯುತ್ತಿಗೆ ತಂತಿಯ ಆ ತುದಿಯಲ್ಲಿ ಫೋನಿನ ಗಂಟೆ ಬಡಿಯುತ್ತದೆ. ಆದರೆ ಅದೇ ವಿದ್ಯುತ್ತು ಈ ತುದಿಯಲ್ಲಿ ಹೊಸ ಯಂತ್ರದೊಳಕ್ಕೆ ನುಗ್ಗಿದರೆ ಅದರ ಎಲೆಕ್ಟ್ರಾನಿಕ್ ಹಲಗೆ, ಅಂದರೆ ಕಾರ್ಡು, ಸುಡುತ್ತದೆ. ಊರಿನ ತಂತಿಗಳೆಲ್ಲ ಬಂದು ಸೇರುವ ಕಬ್ಬಿಣದ ಚೌಕಟ್ಟಿನಲ್ಲಿ ಆ ಏಳು ತಂತಿಗಳನ್ನು ಕಡಿದು ಯಂತ್ರದಿಂದ ಬೇರೆ ಮಾಡಿದರೆ ಮಾತ್ರ ತಿರುವಬಹುದು. ನಾಲ್ಕು ದಿನ ಕೂತು ನಾನೇ ಬೆಸುಗೆ ಹಾಕಿಸಿದ ತಂತಿಗಳು. ಇನ್ನೊಂದೂವರೆ ಗಂಟೆಯಲ್ಲಿ ಮೇಲಧಿಕಾರಿ ಬರುತ್ತಾರೆ. ಲೈನ್‌ಮನ್ ಕತ್ತರಿ ಹಿಡಿದು ನನ್ನ ಮುಖ ನೋಡಿದರು.

"ಕಡೀರಿ" ಎಂದೆ.

ಇದಿಷ್ಟು ನನ್ನದು. ಉಳಿದದ್ದು ಬೇರೆಯವರದು.

ನಾನು ಪಟ್ಟಿ ತೆಗೆದು ಅತಿ ಚಿಕ್ಕ ನಂಬರಿನಿಂದ ಶುರು ಮಾಡಲು ಹೊರಟೆ. ಅಕ್ಕ ತಡೆದರು. "ನಂಬ್ರು ಸಾಲಲ್ಲ ತಾಯಿ. ನೀರು ಬರೋ ಸಾಲು." ಮೊದಲು ಅಂಚೆಯ ಮನೆ ಎಂದರು. ನಾನು ಪಟ್ಟಿ ನೋಡಿ ತಂತಿ ತೋರಿಸಿದೆ, ಲೈನ್‌ಮನ್ ಕಡಿದು ಪೆಟ್ಟಿಗೆಯ ಕ್ಲಿಪ್ಪು ಸಿಕ್ಕಿಸಿದರು, ಅಕ್ಕ ತಿರುವಿದರು. ತಿರುವುವಾಗ ಅವರ ತುಟಿ ಆಡುತ್ತಿತ್ತು, ಏನನ್ನೋ ಎಣಿಸುತ್ತಿದ್ದರೋ ಏನೋ. ಆಮೇಲೆ ಸೊಸೈಟಿ. ಆಮೇಲೆ ಮೇಷ್ಟ್ರ ಮನೆ. ಒಂದೊಂದಕ್ಕೂ ಅಷ್ಟೇ ಉದ್ದ, ಒಂದು ಸುತ್ತು ಹೆಚ್ಚಿಲ್ಲ ಕಡಿಮೆಯಿಲ್ಲ. ಅಲ್ಲಿ ಗಂಟೆ ಬಡಿಯಿತೋ, ಯಾರಾದರೂ ಕೇಳಿಸಿಕೊಂಡರೋ, ನಮಗೆ ತಿಳಿಯುವ ಹಾಗಿರಲಿಲ್ಲ.

ಏಳನೆಯದಕ್ಕೆ ಬಂದಾಗ ಹನ್ನೊಂದಾಗಿತ್ತು, ಅಥವಾ ಆಗುವುದರಲ್ಲಿತ್ತು.

"ಗಿರಣಿ" ಎಂದರು ಅಕ್ಕ.

ತೋರಿಸಿದೆ.

"ಇದೇಯಾ ಗಿರಣಿ?" ಅವರು ಮತ್ತೊಮ್ಮೆ ಕೇಳಿದ್ದು ಅದೊಂದನ್ನೇ.

"ಹೌದು, ಇದೇ" ಎಂದೆ. ಪಟ್ಟಿಯನ್ನು ಮತ್ತೆ ನೋಡಲಿಲ್ಲ. ಆರು ಸರಿಯಾಗಿದ್ದವು, ಏಳನೆಯದೂ ಸರಿಯೇ ಇರಬೇಕು ಎಂಬ ವೇಗದಲ್ಲಿದ್ದೆ.

ಅದು ಪಟ್ಟಿಯಲ್ಲಿ ಒಂದು ಸಾಲು ಕೆಳಗಿನ ತಂತಿ. ಕ್ಲಿಪ್ಪು ಗಿರಣಿಯ ಪಕ್ಕದ ಇನ್ನಾರದೋ ಲೈನಿಗೆ ಸಿಕ್ಕಿತ್ತು. ಕಡಿದದ್ದೂ ಸರಿಯಾದ ಕಡೆಯಲ್ಲ, ಆ ತಂತಿ ಇನ್ನೂ ಯಂತ್ರಕ್ಕೇ ಸೇರಿಕೊಂಡಿತ್ತು. ಅಕ್ಕ ಪೂರ್ತಿ ಉದ್ದದ ಬೆಲ್ಲನ್ನು ನನ್ನ ಹೊಸ ಯಂತ್ರದೊಳಕ್ಕೆ ತಿರುವಿದರು. ಮೊದಲು ವಾಸನೆ ಬಂತು, ರಬ್ಬರು ಸುಟ್ಟ ಹಾಗೆ. ಆಮೇಲೆ ಒಂದು ಕಾರ್ಡಿನ ದೀಪಗಳೆಲ್ಲ ಆರಿದವು.

ಅಕ್ಕ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಲೈನ್‌ಮನ್ನರ ಮುಂದೆ ಹಿಡಿದರು. "ನೀನು ಓದ್ಲಾ." ಅವರು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕಡಿದರು. ಅಕ್ಕ ತಿರುವಿದರು. ಈ ಸಲವೂ ಅಷ್ಟೇ ಉದ್ದ.

ತಂಗಿಯ ಊರು ಕೊನೆಯದೆಂದು ಗೊತ್ತಿದ್ದೂ ಅವರು ಸಾಲು ಮುರಿದಿರಲಿಲ್ಲ. ಮೊದಲ ಊರಿಗೆ ನೀರು ಮೊದಲು ಬರುತ್ತದೆ. ನಾನಾಗಿದ್ದರೆ? ತರಬೇತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಲಿಲ್ಲ, ನಾನು ಈ ಭಾಗ ಹೇಳುತ್ತಲೇ ಇರಲಿಲ್ಲವಲ್ಲ.

ಕಡಿದ ತಂತಿಗಳಿಗೆ ಮತ್ತೆ ಬೆಸುಗೆ ಹಾಕಿದೆವು. ಹೆಚ್ಚುವರಿ ಕಾರ್ಡು ಒಂದೇ ಒಂದಿತ್ತು, ಸುಟ್ಟದ್ದರ ಜಾಗಕ್ಕೆ ಅದನ್ನು ಹಾಕಿದೆ. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಮೇಲಧಿಕಾರಿ ಬಂದರು, ಮೈಸೂರಿಗೆ ಡಯಲ್ ಮಾಡಿದರು, ಮಾತಾಡಿದರು, ಚಪ್ಪಾಳೆಯಾಯಿತು. ಏನು ಕೇಳಿದರೂ ತಡವರಿಸದೆ ಉತ್ತರ ಕೊಟ್ಟೆ. "ಕೆಲಸದ ಮೇಲೆ ಒಳ್ಳೆ ಹಿಡಿತ ಇದೆ ಕಣಮ್ಮ ನಿಂಗೆ" ಎಂದು ಹೇಳಿ ಕಾಫಿ ಕುಡಿದು ಹೋದರು. ಅವರು ಹೋದ ಮೇಲೆ ಸುಟ್ಟ ಕಾರ್ಡನ್ನು ಕೈಯಲ್ಲಿ ಹಿಡಿದು ಕೂತೆ. ಇದಕ್ಕೊಂದು ಕಾರಣ ಬರೆಯಬೇಕಿತ್ತು.

"ಸಿಡ್ಲು ಒಡೀತು ಅಂತ ಬರೀರಿ ಅಮ್ಮಾವ್ರೆ" ಎಂದರು ಲೈನ್‌ಮನ್. "ಸಿಡ್ಲುನ್ನ ಕರ್ದು ಯಾರೂ ಯಿಚಾರ್ಣೆ ಮಾಡಾಕಿಲ್ಲ."

ಬರೆದೆ. ಸಹಿ ಮಾಡಿದೆ. ಅಂದಿನಿಂದ ನನ್ನ ನೆನಪಿನಲ್ಲಿ ಆ ಬೆಳಿಗ್ಗೆ ಮಳೆ.

ಅಕ್ಕ ಊಟ ಮಾಡಿರಲಿಲ್ಲ. ಮನೆಗೂ ಹೋಗಿರಲಿಲ್ಲ. ಆಚೆ ಚೆಲ್ಲಿದ್ದ ಕಾಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ತುಂಬುತ್ತಿದ್ದರು. ಅಕ್ಕನ ತಂಗಿಯ ವಿಷಯ ಲೈನ್‌ಮನ್ ನನ್ನ ಕಿವಿಯಲ್ಲಿ ಹೇಳಿದ್ದು ಆಗಲೇ. ಆರು ಊರುಗಳಿಂದ ಒಂದೊಂದಾಗಿ ಸುದ್ದಿ ಬಂದಿತ್ತು: ಎಲ್ಲರೂ ಮೇಲೆ ಬಂದಿದ್ದರು. "ನೀವೇ ಎತ್ತಬ್ಯಾಡಿ ಅಂತೀರಿ, ನೀವೇ ಬೆಲ್ಲು ಒಡೀತೀರಿ, ಅದೇನು ಸಿಟಿಯೋರಪ್ಪ" ಎಂದು ಸೊಸೈಟಿಯವರು ಬೈದೂ ಇದ್ದರು. ಗಿರಣಿಯಿಂದ ಮಾತ್ರ ಫೋನು ಬಂದಿರಲಿಲ್ಲ. ನಾನು ಮಾಡಿದರೆ ಬೆಲ್ಲು ಹೋಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಹನ್ನೆರಡು ಕಳೆದಿದೆ ಎಂದು ಅಲ್ಲಿ ಯಾರಿಗೂ ಗೊತ್ತಾಗಿಲ್ಲವೋ, ಎಲ್ಲರೂ ಇನ್ನೂ ಹೊಳೆಯಲ್ಲೇ ಇದ್ದಾರೋ.

ಎರಡು ಗಂಟೆಯ ಸುಮಾರಿಗೆ ಫೋನು ಬಡಿಯಿತು. ಎತ್ತಿದೆ.

"ಅಕ್ಕಂಗೆ ಕೊಡಿ." ಹೆಣ್ಣು ದನಿ, ಹೊಳೆಯ ಆ ದಡದವರನ್ನು ಕರೆಯುವ ಹಾಗೆ ಕೂಗುತ್ತಿತ್ತು.

ಕೊಟ್ಟೆ. ಆ ಕೂಗಿಗೆ ನಾನು ಪಕ್ಕದಲ್ಲಿ ನಿಂತೇ ಎಲ್ಲ ಕೇಳಿಸಿಕೊಂಡೆ. ಗಿರಣಿಯವನು ಹಿಟ್ಟು ಮೆತ್ತಿದ ಮೈಯಲ್ಲೇ ಓಡಿ ಬಂದು ದಡದಿಂದ ಕೂಗಿದ್ದು. ಅರ್ಧ ಹೊಳೆ ದಾಟುವಷ್ಟರಲ್ಲಿ ನೀರು ಎದೆಗೆ ಬಂದದ್ದು. ಎಮ್ಮೆಯ ಬಾಲ ಹಿಡಿದು ದಾಟಿದ್ದು. ಕೆಂದೆಮ್ಮೆ ಬರಲಿಲ್ಲ, ಅದರ ಕರು ಬಂತು.

"ನೀನು ಬಂದ್ಯಲ್ಲ, ಬುಡು" ಎಂದರು ಅಕ್ಕ. ಅವರ ಇನ್ನೊಂದು ಕೈ ಮೇಜನ್ನು ಹಿಡಿದುಕೊಂಡಿತ್ತು.

"ಯಾಕಕ್ಕ, ಯಾವತ್ತೂ ಇಲ್ದೋಳು ಇವತ್ತು ತಡ ಮಾಡ್ದೆ?"

ಅಕ್ಕ ನನ್ನನ್ನು ನೋಡಿದರು. ಬಹಳ ಹೊತ್ತೇನಲ್ಲ.

"ಒಸ ಮಿಷನ್ನು ಕಣವ್ವ" ಎಂದರು. "ಕೈಗೆ ಕೂರ್ಬೇಕು."

ಫೋನು ಇಟ್ಟು, ಮುಖ ಒರೆಸಿಕೊಂಡು, ಮೇಜಿನ ಮೇಲೆ ತೆರೆದೇ ಇದ್ದ ದಾಖಲೆ ಪುಸ್ತಕದ ಕಡೆ ಕಣ್ಣು ಹಾಕದೆ ಕೇಳಿದರು. "ಡ್ಯಾಮಿಂದು ಫೋನು ಬಂದಿದ್ದು ಎಷ್ಟೊತ್ತಿಗೆ ಅಂದ್ರಿ ಮೇಡಮ್ಮೋರೆ?"

"ಹತ್ತು ಇಪ್ಪತ್ತಕ್ಕೆ" ಎಂದೆ.

ಎಂದೆ ಎಂದು ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ. ಅದು ನನಗೆ ತೀರ ಅನುಕೂಲವಾಗಿದೆ. ನಾನು ಸುಮ್ಮನೆ ನಿಂತಿದ್ದಿರಬಹುದು, ಅವರೇ ಪುಸ್ತಕ ನೋಡಿರಬಹುದು. ಇಬ್ಬರೂ ಆ ಮಾತನ್ನೇ ಎತ್ತಿರದಿರಲೂಬಹುದು. ಆದರೆ ಇದರ ನಂತರದ ಮಾತಿಗೆ ಕಾಗದದ ಸಾಕ್ಷಿಯಿದೆ.

"ಸ್ವಾಮಾರ ನಾನು ಉಣ್ಸೂರಿಗೆ ಓದ್ರೆ, ಇಲ್ಲಿ ಯಾರು ತಿರುವ್ತಾರೆ?"

ಆಪರೇಟರ್ ಹುದ್ದೆಯೇ ಆ ಬೆಳಿಗ್ಗೆ ರದ್ದಾಗಿತ್ತು. ವರ್ಗ ತಡೆಯುವ ಅಧಿಕಾರ ನನಗಿರಲಿಲ್ಲ. ಯಂತ್ರಕ್ಕೆ ಕೈಬೆಲ್ಲು ಜೋಡಿಸಲು ಯಾವ ನಿಯಮವೂ ಒಪ್ಪುತ್ತಿರಲಿಲ್ಲ. ಮೊದಲ ಸಲ ಆ ಊರಿನಲ್ಲಿ, "ಗೊತ್ತಿಲ್ಲ" ಎಂದೆ. ಹಾಗೆಂದು, ಅದೇ ಉಸಿರಿನಲ್ಲಿ, "ಮಳೆಗಾಲ ಮುಗಿಯೋವರೆಗೂ ನೀವು ಇಲ್ಲೇ ಇರಿ" ಎಂದೆ.

'ಹೊಸ ಉಪಕರಣದ ಪರೀಕ್ಷೆಗಾಗಿ ಆಪರೇಟರನ್ನು ಇದೇ ಕೇಂದ್ರದಲ್ಲಿ ಉಳಿಸಿಕೊಳ್ಳಲಾಗಿದೆ' ಎಂದು ಬರೆದೆ. ಅದೂ ಸುಳ್ಳು, ಅದಕ್ಕೂ ಸಹಿ ಹಾಕಿದೆ. ಎರಡು ಸಹಿಗಳೂ ಒಂದೇ ಥರ ಗಟ್ಟಿಯಾಗಿವೆ. ಆ ಏಳು ತಂತಿಗಳಿಗೆ ಲೈನ್‌ಮನ್ ಕೆಂಪು ದಾರ ಕಟ್ಟಿದರು, ನೀರು ಬರುವ ಸಾಲಿನಲ್ಲಿ, ಒಂದರಿಂದ ಏಳು ಗಂಟು. ಚೌಕಟ್ಟಿನ ಪಕ್ಕ ಮೊಳೆ ಹೊಡೆದು ತಿರುವೋ ಫೋನನ್ನು ನೇತುಹಾಕಿದರು. ಕಡಿಯದೆಯೇ ಬಿಡಿಸಲು ಬರುವ ಹಾಗೆ ಆ ಏಳು ಬೆಸುಗೆ ತೆಗೆದು ತಿರುಪು ಹಾಕಿದೆ. ಮಳೆಗಾಲ ಮುಗಿಯುವ ಮೊದಲೇ ನನ್ನನ್ನು ಬೇರೆ ಊರಿಗೆ ಹಾಕಿದರು. ಮರುವರ್ಷ ಅಲ್ಲಿ ಯಾರು ತಿರುವಿದರು ಎಂದು ನಾನು ವಿಚಾರಿಸಲಿಲ್ಲ. ಒಂದು ಫೋನು ಮಾಡಿದ್ದರೆ ಸಾಕಿತ್ತು.